ಟ್ರ್ಯಾಕ್ಟರ್‌ನ ಡಿಪಿಎಫ್ ಕಿತ್ತು ಹಾಕಿಸಲಾ? ಡೀಸೆಲ್ ಹೊಗೆ ನಿಜಕ್ಕೂ ಅಷ್ಟು ಕೆಟ್ಟದ್ದಾ?

ಕೆಸರುಗಾಲಿ (ಪ್ರಶ್ನೆ)

ಹೋದ ವರ್ಷ 75 ಎಚ್‌ಪಿಯ ಒಂದು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತೆಗೆದುಕೊಂಡೆ. ಅದರಲ್ಲಿ ಡಿಪಿಎಫ್ ಇದೆ. ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ನನ್ನ ಹಳೆ ಗಾಡಿಯಲ್ಲಿ ಇಂಥದ್ದೇನೂ ಇರಲಿಲ್ಲ, ಹೊಗೆ ನೇರ ಆಕಾಶಕ್ಕೆ ಹೋಗುತ್ತಿತ್ತು, ನಮ್ಮ ಮುಖಕ್ಕೂ ಬರುತ್ತಿತ್ತು, ತಲೆ ಕೆಡಿಸಿಕೊಂಡವರು ಯಾರೂ ಇರಲಿಲ್ಲ.

ಈಗಿನ ತಲೆನೋವು ಏನೆಂದರೆ, ವಾರಕ್ಕೆ ಎರಡು ಮೂರು ಸಲ ಡ್ಯಾಶ್‌ಬೋರ್ಡ್‌ನಲ್ಲಿ ಆ ಫಿಲ್ಟರ್ ದೀಪ ಹತ್ತಿಕೊಳ್ಳುತ್ತದೆ. ನನ್ನ ಕೆಲಸ ಹೆಚ್ಚಾಗಿ ಸಣ್ಣಪುಟ್ಟದ್ದು: ಲೋಡರ್‌ನಲ್ಲಿ ಗೊಬ್ಬರ ತುಂಬುವುದು, ಖಾಲಿ ಟ್ರೇಲರ್ ಎಳೆಯುವುದು, ಔಷಧಿ ಹೊಡೆಯುವುದು, ಮಧ್ಯೆ ಗಾಡಿ ಚಾಲೂ ಇಟ್ಟುಕೊಂಡೇ ಯಾರ ಜೊತೆಗಾದರೂ ಮಾತಾಡುತ್ತಾ ನಿಲ್ಲುವುದು. ಕಳೆದ ತಿಂಗಳು ಎಂಜಿನ್ ಪವರ್ ಅರ್ಧಕ್ಕಿಳಿದು ನಡುಹೊಲದಲ್ಲಿ ನಿಂತೆ. ಮೆಕ್ಯಾನಿಕ್ ಬಂದು ನೋಡಿ, "ಇದನ್ನ ತೆಗೆದು ಒಳಗೆ ಖಾಲಿ ಮಾಡಿ ಕಂಪ್ಯೂಟರ್‌ನಲ್ಲಿ ಆಫ್ ಮಾಡಿಬಿಡೋಣ, ಒಂದು ದಿನದ ಕೆಲಸ, ಆಮೇಲೆ ಜೀವನಪೂರ್ತಿ ಆರಾಮ" ಅಂದ.

ಆಸೆ ಆಗುತ್ತಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಶೆಡ್‌ನಲ್ಲಿ ಹಳೆ ಗಾಡಿ ಸ್ಟಾರ್ಟ್ ಮಾಡಿದಾಗ ಕಣ್ಣುರಿ, ತಲೆನೋವು ಬರುವುದು ನೆನಪಿದೆ. ಹೊಸದರಲ್ಲಿ ಅದು ಕಡಿಮೆ. ಇದು ಫಿಲ್ಟರ್‌ನಿಂದಲೋ ಅಥವಾ ನನ್ನ ಮನಸ್ಸಿನ ಸಮಾಧಾನವೋ? ಈ ಫಿಲ್ಟರ್ ಓಡಿಸುವವನಿಗೆ ಏನಾದರೂ ಉಪಕಾರ ಮಾಡುತ್ತದಾ, ಅಥವಾ ಸುಮ್ನೆ ಕಾನೂನಿನ ಲೆಕ್ಕಕ್ಕೆ ಹಾಕಿರುವುದಾ? ಗೊತ್ತಿರುವವರು ಹೇಳಿ.

---

ಸ್ಪ್ಯಾನರ್_17

ನಾನು ಇದೇ ಕೆಲಸ ಮಾಡುವವನು, ಹಾಗಾಗಿ ಮೊದಲು ಮೆಷಿನ್ ಬಗ್ಗೆ ಹೇಳುತ್ತೇನೆ. ನಿಮ್ಮ ಫಿಲ್ಟರ್ ಕೆಟ್ಟಿಲ್ಲ. ನೀವು ಅದಕ್ಕೆ ಸುಡಲು ಅವಕಾಶ ಕೊಡುತ್ತಿಲ್ಲ, ಅಷ್ಟೇ.

ಒಳಗೆ ಜೇನುಗೂಡಿನಂಥ ಸೆರಾಮಿಕ್ ಇಟ್ಟಿಗೆ ಇರುತ್ತದೆ. ಉದ್ದಕ್ಕೂ ಸಾವಿರಾರು ಸಣ್ಣ ಕೊಳವೆಗಳು. ಅರ್ಧ ಕೊಳವೆಗಳ ಹಿಂಬಾಯಿ ಮುಚ್ಚಿರುತ್ತದೆ, ಉಳಿದರ್ಧದ ಮುಂಬಾಯಿ. ಹೊಗೆ ಒಂದು ಕೊಳವೆಗೆ ನುಗ್ಗಿದರೆ ಮುಂದೆ ದಾರಿ ಇಲ್ಲ, ಗೋಡೆ ತೂರಿಕೊಂಡೇ ಪಕ್ಕದ ಕೊಳವೆಗೆ ಹೋಗಬೇಕು. ಗಾಳಿ ತೂರುತ್ತದೆ, ಮಸಿ ಗೋಡೆಗೆ ಅಂಟಿಕೊಳ್ಳುತ್ತದೆ. ತಮಾಷೆ ಏನು ಅಂದರೆ ಗೋಡೆಯ ರಂಧ್ರಗಳು ಮಸಿಯ ಕಣಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ಜರಡಿ ಹಿಡಿದ ಹಾಗೆ ಅಲ್ಲ ಇದು. ಕಣ ಅಷ್ಟು ಹಗುರ ಇರುವುದರಿಂದ ನೇರವಾಗಿ ಹೋಗದೆ ಅಡ್ಡಾದಿಡ್ಡಿ ಓಲಾಡುತ್ತಾ ಗೋಡೆಗೆ ತಾಗಿ ಅಲ್ಲೇ ಉಳಿಯುತ್ತದೆ. ಆಮೇಲೆ ಅಂಟಿದ ಮಸಿಯ ಪದರವೇ ಇನ್ನೊಂದು ಫಿಲ್ಟರ್ ಆಗುತ್ತದೆ. ಸರಿಯಾಗಿರುವ ಡಿಪಿಎಫ್ ಮಸಿಯಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಹಿಡಿಯುತ್ತದೆ.

ಹಿಡಿದ ಮಸಿಯನ್ನು ಸುಡಬೇಕಲ್ವಾ. ಉಳುಮೆ, ರೋಟವೇಟರ್ ಥರ ಭಾರದ ಕೆಲಸದಲ್ಲಿ ಹೊಗೆ ಬಿಸಿ ಇರುತ್ತದೆ. ಫಿಲ್ಟರ್‌ಗೆ ಮುಂಚೆ ಇರುವ ಕ್ಯಾಟಲಿಸ್ಟ್ ನೈಟ್ರೋಜನ್ ಡೈಆಕ್ಸೈಡ್ ಮಾಡಿಕೊಡುತ್ತದೆ, ಅದರ ಸಹಾಯದಿಂದ 250–400 ಡಿಗ್ರಿಯಲ್ಲೇ ಮಸಿ ನಿಧಾನಕ್ಕೆ ಸುಟ್ಟುಹೋಗುತ್ತದೆ. ನಿಮಗೆ ಗೊತ್ತೇ ಆಗುವುದಿಲ್ಲ. ಆದರೆ ಐಡಲ್‌ನಲ್ಲಿ ನಿಂತ ಗಾಡಿಯ ಹೊಗೆ ಅಷ್ಟು ಬಿಸಿಯಾಗುವುದೇ ಇಲ್ಲ. ಮಸಿ ಮಾತ್ರ ತುಂಬುತ್ತಾ ಹೋಗುತ್ತದೆ. ಆಗ ಎಂಜಿನ್ ತಾನೇ ಜಾಸ್ತಿ ಡೀಸೆಲ್ ಸುರಿದು ಫಿಲ್ಟರನ್ನು 600 ಡಿಗ್ರಿ ಆಸುಪಾಸಿಗೆ ಕಾಯಿಸಿ ಸುಡುತ್ತದೆ. ಇದಕ್ಕೆ ನಾವು ರೀಜೆನ್ ಅನ್ನುತ್ತೇವೆ. ಅದು ನಡೆಯುವಾಗ ನೀವು ಬೀಗದ ಕೈ ತಿರುಗಿಸಿ ಎಂಜಿನ್ ಆಫ್ ಮಾಡಿದರೆ ಅರ್ಧ ಸುಟ್ಟು ನಿಲ್ಲುತ್ತದೆ. ನಾಳೆ ಮತ್ತೆ ಶುರು, ಮತ್ತೆ ನೀವು ಆಫ್. ನಾಲ್ಕು ಸಲ ಹೀಗಾದರೆ ಪವರ್ ಕಟ್. ಹೊಲದಲ್ಲಿ ನಿಂತಿದ್ದು ಇದಕ್ಕೇ ಅಂತ ನನ್ನ ಅನುಮಾನ.

ಮೂರು ಕೆಲಸ ಮಾಡಿ. ಒಂದು, ದೀಪ ಹತ್ತಿದಾಗ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಪಾರ್ಕ್ ಹಾಕಿ, ರೀಜೆನ್ ಬಟನ್ ಒತ್ತಿ ಮುಗಿಯುವ ತನಕ ಬಿಡಿ. ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು. ಕೆಳಗೆ ಒಣ ಹುಲ್ಲು ಇರಲೇಬಾರದು, ಶೆಡ್ ಒಳಗಂತೂ ಬೇಡ, ಕೊಳವೆಯ ಬಾಯಿಂದ ಬರುವ ಗಾಳಿ ಆಗ ಬೆಂಕಿ ಹಚ್ಚುವಷ್ಟು ಬಿಸಿ ಇರುತ್ತದೆ. ಎರಡು, ಫಿಲ್ಟರ್ ಹಿಂದೆ ಮುಂದೆ ಒತ್ತಡ ಅಳೆಯುವ ಸೆನ್ಸರ್‌ಗೆ ಹೋಗುವ ಎರಡು ಸಣ್ಣ ಪೈಪ್ ನೋಡಿ. ಬಿರುಕು ಬಿಟ್ಟಿದ್ದರೆ ಅಥವಾ ಕಟ್ಟಿಕೊಂಡಿದ್ದರೆ ಫಿಲ್ಟರ್ ಖಾಲಿ ಇದ್ದರೂ ತುಂಬಿದೆ ಅಂತ ದೀಪ ಹತ್ತಬಹುದು. ಮೂರು, ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿ. ಮಟ್ಟ ಕಡಿಮೆ ಆಗಿದೆಯಾ ಅಂತ ಅಲ್ಲ, ಜಾಸ್ತಿ ಆಗಿದೆಯಾ ಅಂತ. ಕೆಲವು ಎಂಜಿನ್‌ಗಳು ರೀಜೆನ್‌ಗೆ ಬೇಕಾದ ಡೀಸೆಲನ್ನು ಸಿಲಿಂಡರ್‌ಗೇ ತಡವಾಗಿ ಸಿಂಪಡಿಸುತ್ತವೆ, ಅದರಲ್ಲಿ ಒಂದಿಷ್ಟು ಗೋಡೆಯಲ್ಲಿ ಇಳಿದು ಆಯಿಲ್‌ಗೆ ಸೇರುತ್ತದೆ. ರೀಜೆನ್ ಅರ್ಧಕ್ಕೆ ನಿಲ್ಲಿಸುತ್ತಾ ಹೋದಷ್ಟೂ ಇದು ಜಾಸ್ತಿ. ಬೇರಿಂಗ್ ಹೋಗುವುದು ಹೀಗೆ.

---

ಗಾಳಿಪಟ

ನಾನು ಕೆಲಸದ ಜಾಗದ ಆರೋಗ್ಯದ ವಿಷಯದಲ್ಲಿ ಕೆಲಸ ಮಾಡುವವಳು. ಟ್ರ್ಯಾಕ್ಟರ್ ಬಗ್ಗೆ ಮೇಲಿನವರಷ್ಟು ಗೊತ್ತಿಲ್ಲ, ಹೊಗೆ ಬಗ್ಗೆ ಗೊತ್ತು.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೌದು, ಅತಿ ಹೆಚ್ಚು ಉಪಕಾರ ಆಗುವುದು ಓಡಿಸುವವರಿಗೇ. ಹೊಗೆ ಕೊಳವೆಗೆ ಅತಿ ಹತ್ತಿರ ಇರುವ ಮೂಗು ನಿಮ್ಮದು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ 1988ರಲ್ಲಿ ಡೀಸೆಲ್ ಹೊಗೆಯನ್ನು "ಬಹುಶಃ ಕ್ಯಾನ್ಸರ್ ತರುತ್ತದೆ" ಅನ್ನುವ ಗುಂಪಿಗೆ ಸೇರಿಸಿತ್ತು. 2012ರಲ್ಲಿ ಅದನ್ನು ಮೊದಲ ಗುಂಪಿಗೆ ಏರಿಸಿತು. ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಸಾಕಷ್ಟು ಆಧಾರ ಇದೆ ಅಂತ. ಶ್ವಾಸಕೋಶದ ಕ್ಯಾನ್ಸರ್‌ಗೆ ಆಧಾರ ಗಟ್ಟಿ, ಮೂತ್ರಕೋಶದ ಕ್ಯಾನ್ಸರ್‌ಗೆ ಸ್ವಲ್ಪ ಮಟ್ಟಿಗೆ. ಅದೇ ವರ್ಷ ಅಮೆರಿಕದ ಗಣಿ ಕಾರ್ಮಿಕರ ದೊಡ್ಡ ಅಧ್ಯಯನ ಹೊರಬಂದಿತ್ತು, 8 ಗಣಿಗಳ 12,315 ಜನ. ಅತಿ ಹೆಚ್ಚು ಹೊಗೆ ಕುಡಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವಿನ ಅಪಾಯ, ಸಿಗರೇಟಿನ ಲೆಕ್ಕ ಕಳೆದ ಮೇಲೂ, ಸುಮಾರು 3 ಪಟ್ಟು ಇತ್ತು. ಹೆದರಬೇಡಿ, ಅದು ನೆಲದಡಿಯ ಗಣಿ, ಗಾಳಿ ಆಡದ ಜಾಗ, ವರ್ಷಗಟ್ಟಲೆ. ಬಯಲಲ್ಲಿ ಓಡಿಸುವ ನಿಮಗೆ ಅಷ್ಟು ಹೊಗೆ ಸಿಗುವುದಿಲ್ಲ. ಆದರೆ ಬಾಗಿಲು ಹಾಕಿದ ಶೆಡ್ ಗಣಿಗೆ ಸ್ವಲ್ಪ ಹತ್ತಿರದ ಜಾಗ ಅನ್ನುವುದು ನೆನಪಿರಲಿ.

ಕ್ಯಾನ್ಸರ್ ಬಗ್ಗೆಯೇ ಎಲ್ಲರೂ ಮಾತಾಡುತ್ತಾರೆ, ಹೃದಯದ ಬಗ್ಗೆ ಯಾರೂ ಇಲ್ಲ. ನನಗೆ ಅದೇ ಜಾಸ್ತಿ ಚಿಂತೆ. 2007ರಲ್ಲಿ ಸ್ಕಾಟ್ಲೆಂಡ್ ಮತ್ತು ಸ್ವೀಡನ್ ಸಂಶೋಧಕರು ಒಮ್ಮೆ ಹೃದಯಾಘಾತವಾಗಿ ಚೇತರಿಸಿಕೊಂಡಿದ್ದ 20 ಗಂಡಸರನ್ನು ಒಂದು ಗಂಟೆ ತೆಳು ಡೀಸೆಲ್ ಹೊಗೆಯಲ್ಲಿ ಕೂರಿಸಿ, ಮಧ್ಯೆ ಮಧ್ಯೆ ಸೈಕಲ್ ತುಳಿಸಿದರು. ಇಸಿಜಿಯಲ್ಲಿ ಹೃದಯಕ್ಕೆ ರಕ್ತ ಸಾಲದೆ ಬರುವ ಗುರುತು, ಶುದ್ಧ ಗಾಳಿಯಲ್ಲಿ ತುಳಿದಾಗಿಗಿಂತ ಜಾಸ್ತಿ ಕಂಡಿತು. ಒಂದೇ ಗಂಟೆ!

ನಿಮ್ಮ ಪ್ರಶ್ನೆಗೆ ಹೇಳಿ ಮಾಡಿಸಿದ್ದು ಇದರ ಮುಂದಿನದ್ದು. ಅದೇ ಗುಂಪಿನವರು 2011ರಲ್ಲಿ 19 ಆರೋಗ್ಯವಂತರಿಗೆ ಬೇರೆ ಬೇರೆ ದಿನ ಶುದ್ಧ ಗಾಳಿ, ಬರೀ ಡೀಸೆಲ್ ಹೊಗೆ, ಕಣಗಳ ಫಿಲ್ಟರ್ ಮೂಲಕ ಬಂದ ಡೀಸೆಲ್ ಹೊಗೆ ಕುಡಿಸಿ ನೋಡಿದರು. ಬರೀ ಹೊಗೆಯಲ್ಲಿ ರಕ್ತ ಹೆಪ್ಪುಗಟ್ಟುವುದು ಜಾಸ್ತಿಯಾಯಿತು, ರಕ್ತನಾಳ ಹಿಗ್ಗುವುದು ಕಡಿಮೆಯಾಯಿತು. ಫಿಲ್ಟರ್ ಹಾಕಿದಾಗ ಆ ಕೆಟ್ಟ ಪರಿಣಾಮ ಹೋಯಿತು. ಅಂದರೆ ರಕ್ತನಾಳಕ್ಕೆ ಕೇಡು ಮಾಡುತ್ತಿದ್ದದ್ದು ಮುಖ್ಯವಾಗಿ ಆ ಕಣಗಳು, ಮತ್ತು ಆ ಕಣಗಳನ್ನು ಹಿಡಿಯುವ ಡಬ್ಬಿಯನ್ನೇ ನಿಮ್ಮ ಮೆಕ್ಯಾನಿಕ್ ಖಾಲಿ ಮಾಡುತ್ತೇನೆ ಅನ್ನುತ್ತಿರುವುದು.

---

ಹಳೆ_ಎಂಜಿನ್

ಎಲ್ಲರೂ ಪುಸ್ತಕ ಓದಿ ಹೇಳುತ್ತಿದ್ದೀರಿ. ನಾನು ಎರಡು ವರ್ಷದ ಹಿಂದೆ ನನ್ನದರ ಫಿಲ್ಟರ್ ತೆಗೆಸಿದೆ. ಡೀಸೆಲ್ ಉಳಿಯಿತು, ಪವರ್ ಬಂತು, ದೀಪ ಇಲ್ಲ, ಕಾಟ ಇಲ್ಲ. ಹೊಗೆ? ಕಣ್ಣಿಗೆ ಕಾಣುವುದೇ ಇಲ್ಲ. ಹೊಸ ಎಂಜಿನ್‌ಗಳು ಹೇಗೂ ಚೊಕ್ಕವಾಗಿ ಸುಡುತ್ತವೆ. ನಮ್ಮ ಅಜ್ಜ ಅಪ್ಪ ಎಲ್ಲ ಕಪ್ಪು ಹೊಗೆಯಲ್ಲೇ ದುಡಿದು ಎಂಬತ್ತು ದಾಟಿದರು. ಹೊಲದ ಧೂಳೇ ಇದಕ್ಕಿಂತ ಜಾಸ್ತಿ ಒಳಗೆ ಹೋಗುತ್ತದೆ.

---

ಗಾಳಿಪಟ

@ಹಳೆ_ಎಂಜಿನ್ ಧೂಳಿನ ಮಾತು ಅರ್ಧ ಸರಿ. ಹೊಲದ ಧೂಳು ತೂಕದಲ್ಲಿ ಜಾಸ್ತಿ ಇರಬಹುದು, ಅದೂ ಒಳ್ಳೆಯದಲ್ಲ. ಆದರೆ ಅದರ ಹೆಚ್ಚಿನ ಭಾಗ ದಪ್ಪ ಕಣ, ಮೂಗು ಗಂಟಲಲ್ಲೇ ಸಿಕ್ಕಿ ಸೀನಿದರೆ ಕೆಮ್ಮಿದರೆ ಹೊರಗೆ ಬರುತ್ತದೆ. ಡೀಸೆಲ್ ಕಣ ಸುಮಾರು 0.1 ಮೈಕ್ರಾನ್. ತಲೆಗೂದಲಿನ ದಪ್ಪ 70 ಮೈಕ್ರಾನ್ ಆಸುಪಾಸು. ನೀವೇ ಭಾಗಿಸಿ ನೋಡಿ. ಇಷ್ಟು ಸಣ್ಣದು ಶ್ವಾಸಕೋಶದ ತುದಿಯ ಗಾಳಿ ಚೀಲದ ತನಕ ಹೋಗುತ್ತದೆ, ಮೈಮೇಲೆ ಸುಡದ ಎಣ್ಣೆಯ ಪದಾರ್ಥಗಳನ್ನು ಅಂಟಿಸಿಕೊಂಡು.

ಹಾಗಾಗಿ "ಕಣ್ಣಿಗೆ ಕಾಣುವುದಿಲ್ಲ" ಅನ್ನುವುದು ಸಮಾಧಾನದ ಮಾತಲ್ಲ. ಈ ಗಾತ್ರದ ಕಣ ತೂಗಿದರೆ ಲೆಕ್ಕಕ್ಕೇ ಸಿಗುವುದಿಲ್ಲ, ಎಣಿಸಬೇಕು. ಯುರೋಪಿನಲ್ಲಿ 2019 ಮತ್ತು 2020ರಲ್ಲಿ ಹಂತ ಹಂತವಾಗಿ ಬಂದ ಸ್ಟೇಜ್ 5 ನಿಯಮ ಟ್ರ್ಯಾಕ್ಟರ್ ಥರದ ಎಂಜಿನ್‌ಗಳಿಗೆ ಮೊದಲ ಸಲ ಕಣಗಳ ತೂಕದ ಜೊತೆ ಸಂಖ್ಯೆಗೂ ಮಿತಿ ಹಾಕಿತು. 19ರಿಂದ 560 ಕಿಲೋವ್ಯಾಟ್ ತನಕ. ಅಲ್ಲಿ ಟ್ರ್ಯಾಕ್ಟರ್‌ಗಳಿಗೆಲ್ಲ ಡಿಪಿಎಫ್ ಬರಲು ಆ ಸಂಖ್ಯೆಯ ಮಿತಿಯೇ ಕಾರಣ, ಬರೀ ಚೊಕ್ಕ ಸುಡುವ ಎಂಜಿನ್‌ನಿಂದ ಅದನ್ನು ಮುಟ್ಟುವುದು ಕಷ್ಟ.

ಅಜ್ಜನ ವಿಷಯ: ಎಂಬತ್ತು ದಾಟಿದವರು ನಮ್ಮ ಜೊತೆ ಕೂತು ಕಥೆ ಹೇಳುತ್ತಾರೆ. ಐವತ್ತಕ್ಕೆ ಹೋದವರು ಹೇಳುವುದಿಲ್ಲ.

---

ಸ್ಪ್ಯಾನರ್_17

ಪವರ್ ಬಂತು ಅಂದರಲ್ಲ, ಬಂದೇ ಬರುತ್ತದೆ. ಕಟ್ಟಿಕೊಂಡಿದ್ದ ಫಿಲ್ಟರ್ ತೆಗೆದರೆ ಯಾವ ಎಂಜಿನ್ ಆದರೂ ಉಸಿರಾಡುತ್ತದೆ. ಅದೇ ಫಿಲ್ಟರ್ ಸರಿಯಾಗಿ ಸ್ವಚ್ಛ ಮಾಡಿ ಹಾಕಿದ್ದರೂ ಬರುತ್ತಿತ್ತು. ಹೋಲಿಸಬೇಕಾದ್ದು ಸ್ವಚ್ಛ ಫಿಲ್ಟರ್ ಜೊತೆ, ಕಟ್ಟಿದ ಫಿಲ್ಟರ್ ಜೊತೆ ಅಲ್ಲ.

ಇನ್ನೊಂದು ಗಮನಿಸಿ. ಫಿಲ್ಟರ್ ಕಟ್ಟಿಕೊಳ್ಳುವುದು ಎಷ್ಟೋ ಸಲ ರೋಗ ಅಲ್ಲ, ರೋಗದ ಲಕ್ಷಣ. ಇಂಜೆಕ್ಟರ್ ಸೋರುತ್ತಿದೆ, ಟರ್ಬೊದ ಸೀಲ್ ಹೋಗಿ ಆಯಿಲ್ ಬರುತ್ತಿದೆ, ಹೊಗೆಯ ಒಂದು ಭಾಗವನ್ನು ಎಂಜಿನ್‌ಗೇ ವಾಪಸ್ ಕಳಿಸುವ ಇಜಿಆರ್ ವಾಲ್ವ್ ಅಂಟಿಕೊಂಡಿದೆ, ಏರ್ ಫಿಲ್ಟರ್ ಧೂಳಿನಿಂದ ಮುಚ್ಚಿದೆ. ಇವೆಲ್ಲ ಮಸಿ ಜಾಸ್ತಿ ಮಾಡುತ್ತವೆ, ಫಿಲ್ಟರ್ ತುಂಬುತ್ತದೆ, ದೀಪ ಹತ್ತುತ್ತದೆ. ಫಿಲ್ಟರ್ ಕಿತ್ತರೆ ದೀಪ ಆರುತ್ತದೆ, ಇಂಜೆಕ್ಟರ್ ಸೋರುವುದು ನಿಲ್ಲುವುದಿಲ್ಲ. ಪಿಸ್ಟನ್ ತೂತಾಗುವ ದಿನ ಗೊತ್ತಾಗುತ್ತದೆ. ಕಾನೂನಿನ ಮಾತೂ ಇದೆ, ಅಮೆರಿಕದ ಕ್ಲೀನ್ ಏರ್ ಆಕ್ಟ್‌ನಲ್ಲಿ ಹೀಗೆ ಕಿತ್ತು ಹಾಕುವುದೂ ಕಾನೂನಿಗೆ ವಿರುದ್ಧ, ಅದಕ್ಕೆ ಬೇಕಾದ ಸಾಮಾನು ಮಾರುವುದೂ ವಿರುದ್ಧ. ನಿಮ್ಮಲ್ಲಿ ಏನಿದೆಯೋ ವಿಚಾರಿಸಿಕೊಳ್ಳಿ.

ಮಸಿ ಬೇರೆ, ಬೂದಿ ಬೇರೆ. ಇದನ್ನು ಜನ ಕಲಸಿಬಿಡುತ್ತಾರೆ. ಮಸಿ ಡೀಸೆಲ್‌ನಿಂದ, ಸುಟ್ಟರೆ ಹೋಗುತ್ತದೆ. ಬೂದಿ ಎಂಜಿನ್ ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಸತು, ರಂಜಕದಂಥ ಮಿಶ್ರಣಗಳಿಂದ, ಎಷ್ಟು ರೀಜೆನ್ ಮಾಡಿದರೂ ಹೋಗುವುದಿಲ್ಲ. ಅದಕ್ಕೇ ಈ ಗಾಡಿಗಳಿಗೆ ಬೂದಿ ಕಡಿಮೆ ಬರುವ ಆಯಿಲ್ ಬೇಕು, ಸಿಜೆ-4 ಅಥವಾ ಸಿಕೆ-4 ಥರದ್ದು, ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಹಳೆ ಗಾಡಿಯ ಆಯಿಲ್ ಉಳಿದಿದೆ ಅಂತ ಇದಕ್ಕೆ ಸುರಿಯಬೇಡಿ. ಡೀಸೆಲ್‌ನಲ್ಲೂ ಗಂಧಕ ಕಡಿಮೆ ಇರಬೇಕು. ಇಷ್ಟು ಪಾಲಿಸಿದರೆ ಕೆಲವು ಸಾವಿರ ಗಂಟೆ ಓಡಿದ ಮೇಲೆ ಒಮ್ಮೆ ಬಿಚ್ಚಿ ಬೂದಿ ತೆಗೆಸಿದರೆ ಸಾಕು. ಅದಕ್ಕೆಂದೇ ಮೆಷಿನ್ ಇರುವ ಕಡೆ ಕೊಡಿ. ಮನೆಯಲ್ಲಿ ಕಂಪ್ರೆಸರ್ ಗಾಳಿ ಹೊಡೆದು ಊದುವವರನ್ನು ನೋಡಿದ್ದೇನೆ. ಅಷ್ಟು ದಿನ ಫಿಲ್ಟರ್ ಹಿಡಿದಿಟ್ಟದ್ದನ್ನು ಒಂದೇ ನಿಮಿಷದಲ್ಲಿ ಮುಖಕ್ಕೆ ಹೊಡೆದುಕೊಂಡ ಹಾಗೆ ಅದು.

---

ಮೂರನೇ_ಗೇರ್

ಒಂದು ಸಣ್ಣ ಮಾತು, ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರಿಗೆ. ತಣ್ಣಗಿರುವ ಗಾಡಿಯ ಹೊಗೆ ಕೊಳವೆಯ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಡಿಪಿಎಫ್ ಸರಿಯಾಗಿದ್ದರೆ ಬಟ್ಟೆ ಹೆಚ್ಚು ಕಡಿಮೆ ಹಾಗೇ ಬರುತ್ತದೆ. ಕಾಡಿಗೆ ಹಚ್ಚಿದ ಹಾಗೆ ಕಪ್ಪಾದರೆ ಒಳಗಿನ ಇಟ್ಟಿಗೆ ಒಡೆದಿದೆ, ಇಲ್ಲವೇ ಯಾರೋ ತೆಗೆದಿದ್ದಾರೆ.

ನನ್ನ ಪ್ರಶ್ನೆ ಗಾಳಿಪಟ ಅವರಿಗೆ: ನನ್ನದು ಫಿಲ್ಟರ್ ಇಲ್ಲದ ಹಳೆ ಗಾಡಿ, ಹೊಸದು ತೆಗೆದುಕೊಳ್ಳುವ ಯೋಚನೆ ಸದ್ಯಕ್ಕಿಲ್ಲ. ಏನು ಮಾಡಲಿ? ಮಾಸ್ಕ್ ಹಾಕಿದರೆ ಸಾಕಾ?

---

ಗಾಳಿಪಟ

ಮಾಸ್ಕ್ ಕೊನೆಯ ದಾರಿ. ಎನ್95 ಥರದ್ದು ಮುಖಕ್ಕೆ ಸರಿಯಾಗಿ ಕೂತರೆ ಕಣ ತಡೆಯುತ್ತದೆ, ಆದರೆ ಅನಿಲ ತಡೆಯುವುದಿಲ್ಲ. ಗಡ್ಡ ಇದ್ದರೆ ಕಣವನ್ನೂ ಸರಿಯಾಗಿ ತಡೆಯುವುದಿಲ್ಲ.

ಮೊದಲು ಶೆಡ್. ಒಳಗೆ ಸ್ಟಾರ್ಟ್ ಮಾಡಿ ಬಿಸಿಯಾಗಲಿ ಅಂತ ಬಿಡುವ ಅಭ್ಯಾಸ ಇದೆಯಲ್ಲ, ಅದನ್ನು ಬಿಡಿ. ಸ್ಟಾರ್ಟ್ ಮಾಡಿದ ಕೂಡಲೇ ಹೊರಗೆ ತನ್ನಿ, ಆಮೇಲೆ ಬೇಕಾದರೆ ನಿಲ್ಲಿಸಿಕೊಳ್ಳಿ. ರಿಪೇರಿಗೆ ಒಳಗೇ ಓಡಿಸಲೇಬೇಕಾದರೆ ಹೊಗೆ ಕೊಳವೆಗೆ ಉದ್ದದ ಪೈಪ್ ಹಾಕಿ ಹೊರಗೆ ಬಿಡಿ. ಕೊಳವೆ ಕೆಳಗೆ ಪಕ್ಕಕ್ಕೆ ತಿರುಗಿದ್ದರೆ ಮೇಲಕ್ಕೆ ಮಾಡಿಸಿ, ಜೋಡಣೆಯಲ್ಲಿ ಸೋರಿಕೆ ಇದ್ದರೆ ಮುಚ್ಚಿಸಿ. ಪಿಟಿಒ (ಎಂಜಿನ್ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ತಿರುಗುವ ದಂಡ) ಹಾಕಿ ಪಂಪ್ ಓಡಿಸುವಾಗ ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ ನಿಲ್ಲಿಸಿ, ಗಾಡಿ ಪಕ್ಕದಲ್ಲೇ ಕೂರಬೇಡಿ. ಮಕ್ಕಳನ್ನು ಮಡ್‌ಗಾರ್ಡ್ ಮೇಲೆ ಕೂರಿಸುವುದು ಬೇರೆ ಕಾರಣಕ್ಕೂ ಬೇಡ, ಈ ಕಾರಣಕ್ಕೂ ಬೇಡ. ಮತ್ತೆ ಕಪ್ಪು ಹೊಗೆ ಬರುತ್ತಿದ್ದರೆ ಏರ್ ಫಿಲ್ಟರ್, ಇಂಜೆಕ್ಟರ್ ನೋಡಿಸಿ, ಅದು ನಿಮ್ಮ ಡೀಸೆಲ್ಲೇ ಸುಡದೆ ಹೋಗುತ್ತಿರುವುದು.

ಕ್ಯಾಬಿನ್ ಇರುವವರಿಗೂ ಒಂದು ಮಾತು. ಕ್ಯಾಬಿನ್‌ನ ಸಾಮಾನ್ಯ ಫಿಲ್ಟರ್ ಹೊಲದ ಧೂಳಿಗೆ ಮಾಡಿದ್ದು. ಹೊಗೆಯ ಇಷ್ಟು ಸಣ್ಣ ಕಣಕ್ಕೂ ಅನಿಲಕ್ಕೂ ಅದು ಸಾಲದು.

ಇದೆಲ್ಲ ಡಿಪಿಎಫ್ ಇರುವವರಿಗೂ ಅನ್ವಯ. ಯಾಕೆಂದರೆ ಡಿಪಿಎಫ್ ಹಿಡಿಯುವುದು ಕಣ ಮಾತ್ರ. ನೈಟ್ರೋಜನ್ ಆಕ್ಸೈಡ್‌ಗಳು ಹಾಗೇ ಹೊರಗೆ ಬರುತ್ತವೆ. ಅದಕ್ಕೆ ಯೂರಿಯಾ ದ್ರವ ಸಿಂಪಡಿಸುವ ಎಸ್‌ಸಿಆರ್ ಅಂತ ಬೇರೆಯೇ ವ್ಯವಸ್ಥೆ, ಅದು ಎಲ್ಲ ಗಾಡಿಯಲ್ಲೂ ಇರುವುದಿಲ್ಲ, ಇದ್ದರೂ ಎಂಜಿನ್ ತಣ್ಣಗಿರುವಾಗ ಕೆಲಸ ಮಾಡುವುದಿಲ್ಲ. ಸ್ಪ್ಯಾನರ್ ಹೇಳಿದ ಆ ನೈಟ್ರೋಜನ್ ಡೈಆಕ್ಸೈಡ್ ಸ್ವಲ್ಪ ಹೊರಗೂ ಬರುತ್ತದೆ, ಆಸ್ತಮಾ ಇರುವವರಿಗೆ ಅದು ಕಷ್ಟ. ಅಮೆರಿಕದಲ್ಲಿ ಫಿಲ್ಟರ್ ಇದ್ದ ಲಾರಿ ಎಂಜಿನ್‌ನ ಹೊಗೆಯನ್ನು ಇಲಿಗಳಿಗೆ ದಿನಕ್ಕೆ 16 ಗಂಟೆಯಂತೆ ಎರಡೂವರೆ ವರ್ಷದ ತನಕ ಕುಡಿಸಿ ನೋಡಿದ ಅಧ್ಯಯನ ಒಂದಿದೆ, 2015ರಲ್ಲಿ ಪ್ರಕಟವಾದದ್ದು. ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಆಗಲಿಲ್ಲ. ಶ್ವಾಸಕೋಶದಲ್ಲಿ ಕಂಡ ಸಣ್ಣ ಬದಲಾವಣೆಗಳು ನೈಟ್ರೋಜನ್ ಡೈಆಕ್ಸೈಡ್‌ನಿಂದ ಆಗುವಂಥವು. ಫಿಲ್ಟರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಎರಡೂ ಆ ಒಂದೇ ಅಧ್ಯಯನದಲ್ಲಿ ಕಾಣುತ್ತದೆ.

---

ಹಳೆ_ಎಂಜಿನ್

ಬಿಳಿ ಬಟ್ಟೆ ಹಾಕಿ ನೋಡಿದೆ. ಕಪ್ಪಗಿದೆ. ತೆಗೆಸಿದ್ದೇನಲ್ಲ, ಇನ್ನೇನು ಇರುತ್ತದೆ. ಆದರೆ ಇಷ್ಟು ಕಪ್ಪು ಅಂದುಕೊಂಡಿರಲಿಲ್ಲ. ಫಿಲ್ಟರ್ ವಾಪಸ್ ಹಾಕಿಸುತ್ತೇನೆ ಅಂತ ಹೇಳುವುದಿಲ್ಲ, ಖರ್ಚು ಯಾರು ಕೊಡುತ್ತಾರೆ. ಶೆಡ್‌ನಿಂದ ಹೊರಗೆ ತಂದು ಸ್ಟಾರ್ಟ್ ಮಾಡುವ ಮಾತು ಒಪ್ಪುತ್ತೇನೆ.

---

ಸ್ಪ್ಯಾನರ್_17

ಹೊರಗೆ ತಂದು ಸ್ಟಾರ್ಟ್ ಮಾಡುವುದು ಹೇಗೆ ಅಣ್ಣ, ತಳ್ಳುತ್ತೀರಾ? 😄 ಸ್ಟಾರ್ಟ್ ಮಾಡಿ ಹೊರಗೆ ತನ್ನಿ.

---

ಕೆಸರುಗಾಲಿ

ಎಲ್ಲರಿಗೂ ಥ್ಯಾಂಕ್ಸ್, ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ.

ಡಿಪ್‌ಸ್ಟಿಕ್ ನೋಡಿ ಹೆದರಿಕೆ ಆಯಿತು. ಮೇಲಿನ ಗೆರೆಗಿಂತ ಒಂದು ಬೆರಳು ಮೇಲೆ ಇತ್ತು. ಮೂಸಿದರೆ ಡೀಸೆಲ್ ವಾಸನೆ. ಇಷ್ಟು ದಿನ "ಆಯಿಲ್ ತಿನ್ನದ ಗಾಡಿ" ಅಂತ ಖುಷಿಪಡುತ್ತಿದ್ದೆ ನಾನು! ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಾಯಿಸಿದೆ, ಈ ಸಲ ಮ್ಯಾನ್ಯುಯಲ್‌ನಲ್ಲಿ ಬರೆದಿದ್ದನ್ನೇ ಹಾಕಿದೆ. ಮೊದಲಿನ ಮಾಲೀಕ ಏನು ಹಾಕಿದ್ದನೋ.

ಒತ್ತಡದ ಸೆನ್ಸರ್‌ನ ಒಂದು ಪೈಪ್ ತುದಿಯಲ್ಲಿ ಸೀಳಿತ್ತು. ಕೈ ಬೆರಳಿನಷ್ಟು ತುಂಡು, ಬದಲಾಯಿಸಲು ಹತ್ತು ನಿಮಿಷ. ಆಮೇಲೆ ಬಯಲಲ್ಲಿ ನಿಲ್ಲಿಸಿ ರೀಜೆನ್ ಒತ್ತಿದೆ. 45 ನಿಮಿಷ ಹಿಡಿಯಿತು, ಕಬ್ಬಿಣ ಕಾಯಿಸಿದಂಥ ವಾಸನೆ, ನಾನು ದೂರದಲ್ಲಿ ಕೂತು ನೋಡುತ್ತಿದ್ದೆ. ಅವತ್ತಿನಿಂದ ಮತ್ತೆ ದೀಪ ಹತ್ತಿಲ್ಲ. ಮೊನ್ನೆ ಬೇಕಂತಲೇ ಎರಡು ಗಂಟೆ ರೋಟವೇಟರ್ ಹೊಡೆದೆ, ಭಾರ ಬೀಳಲಿ ಅಂತ.

ಮೆಕ್ಯಾನಿಕ್‌ಗೆ ಫೋನ್ ಮಾಡಿ ತೆಗೆಯುವುದು ಬೇಡ ಅಂದೆ. "ಆಮೇಲೆ ನನ್ನ ಹತ್ತಿರವೇ ಬರುತ್ತೀರಿ" ಅಂದ. ಬರುತ್ತೇನೆ, ಹಳೆ ಗಾಡಿಯ ಇಂಜೆಕ್ಟರ್ ತೋರಿಸುವುದಿದೆ.